ವೀಣೆಗೆ ವಿಮಾನಯಾನ: ಕುದುರೆ ಜರುಗದಂತೆ, ಮೆಟ್ಟಿಲು ವಾಲದಂತೆ

ಸರಸ್ವತಿ ವೀಣೆಯ ಉದ್ದ ನಾಲ್ಕಡಿಗೂ ಮಿಕ್ಕಿರುತ್ತದೆ. ಫೈಬರ್ ಪೆಟ್ಟಿಗೆಯಲ್ಲಿಟ್ಟರೆ ಉದ್ದ ಸುಮಾರು 135 ಸೆಂ.ಮೀ., ಅಗಲ-ಎತ್ತರ ತಲಾ 40ರ ಆಸುಪಾಸು. ಇಂಡಿಗೊ ಕೈಚೀಲಕ್ಕೆ ಕೊಡುವ ಅಳತೆ 55×35×25 ಸೆಂ.ಮೀ., ತೂಕ 7 ಕೆ.ಜಿ. ಪಿಟೀಲಿನಂತೆ ತಲೆಯ ಮೇಲಿನ ಖಾನೆಯಲ್ಲಿಡುವ ಮಾತೇ ಇಲ್ಲ. ಉಳಿದ ದಾರಿ ಎರಡು: ವೀಣೆಗೂ ಒಂದು ಸೀಟು ಕೊಳ್ಳುವುದು, ಇಲ್ಲವೇ ಲಗೇಜಿಗೆ ಹಾಕುವುದು. ಖರ್ಚಿನ ಲೆಕ್ಕದಲ್ಲಿ ಬಹುತೇಕರ ಪಾಲಿಗೆ ಬರುವುದು ಎರಡನೆಯದೇ. ಲಗೇಜಿಗೆ ಹಾಕಿದ ವೀಣೆಯೂ ಸುರಕ್ಷಿತವಾಗಿ ತಲುಪುತ್ತದೆ. ಆದರೆ ಅದು ತೀರ್ಮಾನವಾಗುವುದು ಏರ್‌ಪೋರ್ಟಿನ ಕೌಂಟರಿನಲ್ಲಲ್ಲ, ಹಿಂದಿನ ದಿನ ಮನೆಯಲ್ಲಿ.

ಪೆಟ್ಟು ಬೀಳುವುದು ಎಲ್ಲಿ?

ನಾದ ತುಂಬುವ ದುಂಡು ಭಾಗವಾದ ಕೊಡ ಗಟ್ಟಿ. ಮುರಿಯುವುದು ಅದರ ಉದ್ದನೆಯ ಕತ್ತಾದ ದಂಡಿಯ ಎರಡು ತುದಿಗಳಲ್ಲಿ. ತುಂಡುಗಳನ್ನು ಕೂಡಿಸಿ ಮಾಡಿದ ‘ಒಟ್ಟು’ ವೀಣೆಯಾದರೆ ಕೊಡ ಮತ್ತು ದಂಡಿ ಕೂಡುವ ಬೆಸುಗೆ ಬಿಡುತ್ತದೆ. ಒಂದೇ ಮರದಲ್ಲಿ ಕೆತ್ತಿದ ಏಕಾಂಡ ವೀಣೆಯಲ್ಲಿ ಆ ಭಯ ಕಡಿಮೆ, ಆದರೆ ದಂಡಿಯ ತುದಿಯ ಯಾಳಿಮುಖವನ್ನು (ಕೆತ್ತಿದ ಮೃಗದ ಮುಖ) ಅದರಲ್ಲೂ ಬೇರೆಯಾಗಿ ಕೂಡಿಸಿರಬಹುದು. ಪೆಟ್ಟಿಗೆ ಕೆಳಗೆ ಬಿದ್ದಾಗ ಕೊಡ ಫೋಮಿನಲ್ಲಿ ಕೂತಿದ್ದು ದಂಡಿ ಮಾತ್ರ ಗಾಳಿಯಲ್ಲಿದ್ದರೆ, ದಂಡಿ ಚಾಟಿಯಂತೆ ತೊನೆಯುತ್ತದೆ. ಪೆಟ್ಟಿಗೆಯ ಮೇಲೆ ಒಂದು ಗೀರೂ ಇಲ್ಲದೆ ಒಳಗೆ ಬೆಸುಗೆ ಬಿಟ್ಟಿರುವುದು ಹೀಗೆಯೇ.

ಎರಡನೆಯ ಶತ್ರು ಶಾಖ. ದಂಡಿಯ ಮೇಲೆ ಸ್ವರಸ್ಥಾನಗಳನ್ನು ಗುರುತಿಸುವ 24 ಮೆಟ್ಟಿಲುಗಳೂ ಕೂತಿರುವುದು ಕಪ್ಪು ಮೇಣದ ಮೇಲೆ. ಅದರ ಮೂಲವಾದ ಜೇನುಮೇಣ ಕರಗುವುದು 62–64 ಡಿಗ್ರಿಯಲ್ಲಿ. ಮೆದುವಾಗುವುದು ಅದಕ್ಕಿಂತ ಎಷ್ಟೋ ಮುಂಚೆ. ಬಿಸಿಲಲ್ಲಿ ನಿಂತ ಲಗೇಜ್ ಗಾಡಿಯಲ್ಲಿ ಒಂದು ಗಂಟೆ ಸಾಕು. ಆದ್ದರಿಂದ ಬೇಸಿಗೆಯಲ್ಲಿ ದುಬೈ, ದೋಹಾಗಳಲ್ಲಿ ಮಧ್ಯಾಹ್ನ ವಿಮಾನ ಬದಲಿಸುವ ಟಿಕೆಟ್ ಬಿಟ್ಟು ರಾತ್ರಿಯದನ್ನು ಆರಿಸಿಕೊಳ್ಳಿ.

ತಂತಿ, ಕುದುರೆ, ಬುರುಡೆ

ವಿಮಾನಕ್ಕೆ ಮುನ್ನ ತಂತಿಗಳನ್ನೆಲ್ಲ ಪೂರ್ತಿ ಸಡಿಲಿಸಿ ಎಂಬ ಸಲಹೆ ಗಿಟಾರಿನಿಂದ ಬಂದದ್ದು. ವೀಣೆಗೆ ಅದು ಹಾನಿ. ಗಿಟಾರಿನ ಕುದುರೆಯನ್ನು (ತಂತಿಗಳನ್ನು ಎತ್ತಿ ಹಿಡಿಯುವ ತುಂಡು) ಸಾಮಾನ್ಯವಾಗಿ ಮರಕ್ಕೆ ಅಂಟಿಸಿರುತ್ತಾರೆ. ವೀಣೆಯ ಕುದುರೆ ನಿಂತಿರುವುದು ತಂತಿಗಳ ಒತ್ತಡದಿಂದ. ತಂತಿ ಜೋಲಾದರೆ ಕುದುರೆ ಜರುಗುತ್ತದೆ. ಮೇಳ ಕಟ್ಟಿದವರು ಪ್ರತಿ ಮೆಟ್ಟಿಲನ್ನೂ ಕೂರಿಸಿದ್ದು ಕುದುರೆಯ ಆ ಜಾಗಕ್ಕೆ ಸರಿಯಾಗಿ. ಒಂದೆರಡು ಮಿಲಿಮೀಟರ್ ಜರುಗಿದರೂ ಸ್ವರಸ್ಥಾನಗಳೆಲ್ಲ ಅಪಸ್ವರವಾಗುತ್ತವೆ. ಹಾಗೆಂದು ಪೂರ್ತಿ ಬಿಗಿಯಲ್ಲೂ ಕಳಿಸಬಾರದು. ಚಳಿಗೆ ತಂತಿ ಕುಗ್ಗಿ ಬಿಗಿ ಹೆಚ್ಚುತ್ತದೆ, ಅದೇ ಹೊತ್ತಿಗೆ ಪೆಟ್ಟು ಬಿದ್ದರೆ ಬೆಸುಗೆಗೆ ದುಪ್ಪಟ್ಟು ಭಾರ. ಮೂರು ಸ್ವರಸ್ಥಾನ ಇಳಿಸಿದರೆ ಸಾಕು: ಮೊದಲ ತಂತಿಯಾದ ಸಾರಣಿಯ ಷಡ್ಜ ಕೆಳಗಿನ ಚತುಃಶ್ರುತಿ ಧೈವತಕ್ಕೆ ಬರಲಿ, ಉಳಿದ ತಂತಿಗಳೂ ಅಷ್ಟೇ ಇಳಿಯಲಿ.

ಇಳಿಸುವ ಮುಂಚೆ ಅಳತೆ ತೆಗೆಯಿರಿ. ಮೇರುವಿನಿಂದ (ದಂಡಿಯ ತುದಿಯಲ್ಲಿ ತಂತಿಗಳು ಆನುವ ಪಟ್ಟಿ) 12ನೇ ಮೆಟ್ಟಿಲಿಗೆ ಎಷ್ಟು, ಅಲ್ಲಿಂದ ಕುದುರೆಗೆ ಎಷ್ಟು ಎಂಬ ಎರಡೂ ಅಂಕಿಗಳನ್ನು ಮಿಲಿಮೀಟರಿನಲ್ಲಿ ಬರೆದು ಪೆಟ್ಟಿಗೆಯೊಳಗೇ ಇಡಿ. ಎರಡೂ ಹೆಚ್ಚುಕಡಿಮೆ ಸಮ ಇರುತ್ತವೆ, ಆದರೆ ಕೂದಲೆಳೆಯ ವ್ಯತ್ಯಾಸವೂ ಮುಖ್ಯ. ಕುದುರೆಯ ಕಾಲುಗಳ ಸುತ್ತ ಪೆನ್ಸಿಲಿನಿಂದ ತೆಳ್ಳಗೆ ಗುರುತು ಹಾಕಿ, ಮೇಲಿನಿಂದ ಒಂದು ಫೋಟೊ ತೆಗೆಯಿರಿ. ಕುದುರೆಯ ಮೇಲಿನ ಲೋಹದ ತಗಡನ್ನು ಬೆರಳಲ್ಲಿ ಅಲುಗಿಸಿ ನೋಡಿ. ಈಗಲೇ ಅಲುಗಿದರೆ ದಾರಿಯಲ್ಲಿ ಕಳಚಿ ಬೀಳುತ್ತದೆ. ತಂತಿಗಳ ಬುಡದಲ್ಲಿ ಶ್ರುತಿ ತಿದ್ದಲು ಇರುವ ಲಂಗರುಗಳ ಕೆಳಗೆ ಮೆತ್ತನೆಯ ಬಟ್ಟೆ ಇಡದಿದ್ದರೆ ಅವು ಕುಲುಕಿ ಕೊಡದ ಪಾಲಿಶ್ ಕೆರೆಯುತ್ತವೆ.

ದಂಡಿಯ ಕೆಳಗಿನ ಬುರುಡೆಯನ್ನು ತಿರುಗಿಸಿ ಬಿಚ್ಚಿ. ಸೋರೆಬುರುಡೆಯಾದರೆ ಬಟ್ಟೆಯಲ್ಲಿ ಸುತ್ತಿ, ಅಳತೆಗೆ ಒಗ್ಗಿದರೆ ಕೈಚೀಲದಲ್ಲೇ ಒಯ್ಯುವುದು ಉತ್ತಮ. ಅದರ ತಿರುಪು ಕಳೆಯದಂತೆ ಬುರುಡೆಗೇ ಕಟ್ಟಿಡಿ.

ಪೆಟ್ಟಿಗೆ ತುಂಬುವುದು

ಬಟ್ಟೆಯ ಗವಸು ಕಾರಿಗೆ ಸರಿ, ಲಗೇಜಿಗಲ್ಲ. ಗಟ್ಟಿ ಪೆಟ್ಟಿಗೆಯಲ್ಲಿ ಕೊಡದ ಸುತ್ತ ಕನಿಷ್ಠ 5 ಸೆಂ.ಮೀ. ಫೋಮ್ ಇರಲಿ. ದಂಡಿಗೆ ಎರಡು ಕಡೆ ಆಸರೆ ಬೇಕು: ಬುರುಡೆ ಕೂರುವ ಜಾಗದಲ್ಲಿ ಒಂದು, ತಂತಿ ಬಿಗಿಯುವ ಬಿರಡೆಗಳಿಗಿಂತ ಸ್ವಲ್ಪ ಮುಂಚೆ ಇನ್ನೊಂದು. ಯಾಳಿಮುಖ ಯಾವುದಕ್ಕೂ ತಾಗದೆ ತೇಲುತ್ತಿರಬೇಕು; ಅದರ ಮುಂದೆ ನಾಲ್ಕು ಬೆರಳು ಖಾಲಿ ಜಾಗ ಬಿಡಿ. ಪಕ್ಕಕ್ಕೆ ಚಾಚಿದ ತಾಳದ ತಂತಿಗಳ ಮೂರು ಬಿರಡೆಗಳು ಪೆಟ್ಟಿಗೆಯ ಗೋಡೆಗೆ ಒತ್ತಿದ್ದರೆ, ಒಂದೇ ಏಟಿಗೆ ಬಿರಡೆಯ ರಂಧ್ರ ಸೀಳುತ್ತದೆ.

ಸಂದುಗಳಿಗೆ ಹಳೆಯ ಹತ್ತಿ ಸೀರೆಯಷ್ಟು ಒಳ್ಳೆಯದು ಬೇರೊಂದಿಲ್ಲ. ಬಬಲ್ ರ‍್ಯಾಪ್ ನೇರ ಮರಕ್ಕೆ ತಾಗಬಾರದು, ಬಿಸಿಗೆ ಪಾಲಿಶಿನ ಮೇಲೆ ಗುಳ್ಳೆಗಳ ಅಚ್ಚು ಮೂಡುತ್ತದೆ. ಮುಚ್ಚಳದ ಫೋಮ್ ಮೆಟ್ಟಿಲುಗಳನ್ನು ಒತ್ತುತ್ತಿದೆಯೇ ಎಂದು ತಪ್ಪದೆ ನೋಡಿ. ಮೆದುವಾದ ಮೇಣದ ಮೇಲೆ ಹತ್ತು ತಾಸು ಒತ್ತಡ ಬಿದ್ದರೆ ಮೆಟ್ಟಿಲುಗಳು ಸಾಲಾಗಿ ವಾಲುತ್ತವೆ. ಮುಚ್ಚಿದ ಮೇಲೆ ಪೆಟ್ಟಿಗೆಯನ್ನು ನಿಧಾನವಾಗಿ ಎಡಕ್ಕೆ, ಬಲಕ್ಕೆ ಓರೆ ಮಾಡಿ; ಒಳಗಿನಿಂದ ಚೂರು ಸದ್ದೂ ಬರಬಾರದು.

ಉಳಿದ ಜಾಗದಲ್ಲಿ ಪುಸ್ತಕ, ಉಪ್ಪಿನಕಾಯಿ ಡಬ್ಬಿ ತುಂಬುವ ಆಸೆ ಬೇಡ. ದಾರಿಯಲ್ಲಿ ವೀಣೆಗೆ ಬಡಿಯುವುದು ಅವೇ.

ತಪಾಸಣೆಯವರು ಪೆಟ್ಟಿಗೆ ತೆರೆಯಬಹುದು. ವೀಣೆ ಕಂಡರಿಯದವರು ಅದನ್ನು ಹೇಗೋ ಇಟ್ಟು ಮುಚ್ಚಳ ಅದುಮುವುದರಿಂದಲೂ ಕುದುರೆ ಮುರಿಯುತ್ತದೆ. ಸರಿಯಾಗಿ ಇಟ್ಟಿರುವ ಫೋಟೊ ಮತ್ತು ಇಂಗ್ಲಿಷಿನಲ್ಲಿ ಮೂರು ಸಾಲಿನ ಸೂಚನೆಯನ್ನು ಮುಚ್ಚಳದ ಒಳಗೆ ಅಂಟಿಸಿ. ಅಮೆರಿಕಕ್ಕೆ ಹೋಗುವುದಾದರೆ ಅಲ್ಲಿನ ತಪಾಸಣೆಯವರು ಒಡೆಯದೆ ತೆರೆಯಬಲ್ಲ ಟಿಎಸ್‌ಎ ಬೀಗವನ್ನೇ ಹಾಕಿ. ಚಿಲಕಗಳನ್ನೇ ನಂಬದೆ ಮೇಲೆ ಎರಡು ಪಟ್ಟಿ ಬಿಗಿಯಿರಿ.

ತಂತಿ ಸುರುಳಿ, ಇಕ್ಕಳ, ಕಟ್ಟರ್, ಬೆರಳಿಗೆ ಹಚ್ಚುವ ಎಣ್ಣೆ ಇವೆಲ್ಲ ಸೂಟ್‌ಕೇಸಿಗೆ. ಎಲೆಕ್ಟ್ರಾನಿಕ್ ತಂಬೂರಿಯ ಬಿಡಿ ಲಿಥಿಯಂ ಬ್ಯಾಟರಿ ಮತ್ತು ಪವರ್ ಬ್ಯಾಂಕ್ ಮಾತ್ರ ಕೈಚೀಲಕ್ಕೆ. ಲಗೇಜಿನಲ್ಲಿ ಅವಕ್ಕೆ ಅನುಮತಿ ಇಲ್ಲ.

ಟಿಕೆಟ್ ಮತ್ತು ಕೌಂಟರ್

ಸಾಮಾನ್ಯ ಲಗೇಜಿಗೆ ಉದ್ದ, ಅಗಲ, ಎತ್ತರ ಕೂಡಿ 158 ಸೆಂ.ಮೀ. ಮಿತಿ, ವೀಣೆಯ ಪೆಟ್ಟಿಗೆ ಸುಮಾರು 215 ಬರುತ್ತದೆ. ಟಿಕೆಟ್ ಕೊಳ್ಳುವ ಮುನ್ನವೇ ಏರ್‌ಲೈನಿಗೆ ಅಳತೆ, ತೂಕ ಬರೆದು ಒಪ್ಪಿಗೆಯನ್ನೂ ಶುಲ್ಕವನ್ನೂ ಇಮೇಲಿನಲ್ಲಿ ಪಡೆದು, ಪ್ರಿಂಟ್ ಜೊತೆಗಿಡಿ. ಫೋನಿನಲ್ಲಿ ಕೊಟ್ಟ ಮಾತು ಕೌಂಟರಿನಲ್ಲಿ ನಡೆಯುವುದಿಲ್ಲ. ಕೊನೆಯ ಹಂತ ಮೈಸೂರು, ಹುಬ್ಬಳ್ಳಿಗಳಂಥ ಊರಿಗೆ ಎಟಿಆರ್ ಎಂಬ ಚಿಕ್ಕ ವಿಮಾನವಾದರೆ ಅದನ್ನೂ ಕೇಳಿ, ಅದರ ಲಗೇಜ್ ಜಾಗ ಚಿಕ್ಕದು. ಅಮೆರಿಕದ ಏರ್‌ಲೈನ್‌ಗಳಿಗೆ 2015ರ ಮಾರ್ಚಿನಿಂದ ಒಂದು ನಿಯಮವಿದೆ: ಮೂರೂ ಅಳತೆ ಕೂಡಿ 150 ಇಂಚು, ತೂಕ 165 ಪೌಂಡಿನೊಳಗಿರುವ ವಾದ್ಯವನ್ನು, ವಿಮಾನದಲ್ಲಿ ಜಾಗವಿದ್ದರೆ, ಲಗೇಜಾಗಿ ಒಪ್ಪಬೇಕು. ಬೇರೆ ದೇಶಗಳ ಏರ್‌ಲೈನ್‌ಗಳಿಗೆ ಇದು ಅನ್ವಯಿಸುವುದಿಲ್ಲ.

ಸೀಟು ಕೊಳ್ಳುವವರು ಏರ್‌ಲೈನಿಗೆ ಫೋನ್ ಮಾಡಿ ‘ಸಿಬಿಬಿಜಿ’ (ಸಾಮಾನಿಗೆಂದು ಕೊಳ್ಳುವ ಸೀಟು) ಎಂದು ಕೇಳಿ. ಕಿಟಕಿಯ ಪಕ್ಕದ ಸೀಟಿರಲಿ, ತುರ್ತು ದ್ವಾರದ ಸಾಲಿನದು ಬೇಡ.

ಕಸ್ಟಮ್ಸ್

ಮೈಸೂರಿನ ಬೀಟೆ ವೀಣೆಗೆ 2017ರಲ್ಲಿ ಸೈಟೀಸ್ (ಅಳಿವಿನಂಚಿನ ಜೀವಿಗಳ ವ್ಯಾಪಾರ ಕುರಿತ ಅಂತಾರಾಷ್ಟ್ರೀಯ ಒಪ್ಪಂದ) ನಿರ್ಬಂಧ ಬಂದಿತ್ತು. 2019ರ ನವೆಂಬರಿನಿಂದ ಸಿದ್ಧ ವಾದ್ಯಗಳಿಗೆ ವಿನಾಯಿತಿ ಇದೆ. ಆನೆದಂತಕ್ಕೆ ಇಲ್ಲ. ಮನೆತನದ ಹಳೆಯ ವೀಣೆಯ ಕುಸುರಿಯಲ್ಲಿ ದಂತವಿದ್ದರೆ ಅದನ್ನು ದೇಶದಾಚೆ ಒಯ್ಯಬೇಡಿ; ಜಪ್ತಿಯಾದರೆ ಮರಳಿ ಸಿಗುವುದು ಕಷ್ಟ. ಹೊಸ ವೀಣೆಯ ಬಿಳಿ ಕುಸುರಿ ಪ್ಲಾಸ್ಟಿಕ್ ಎಂದು ಮಾಡಿದವರಿಂದ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ನೂರು ವರ್ಷ ದಾಟಿದ ವಾದ್ಯ 1972ರ ಕಾಯಿದೆಯಂತೆ ಪುರಾತನ ವಸ್ತುವಿನ ಸಾಲಿಗೆ ಬರಬಹುದು. ಅದನ್ನು ಹೊರದೇಶಕ್ಕೆ ಒಯ್ಯುವ ಯೋಚನೆಗೆ ಮುಂಚೆ ಪುರಾತತ್ವ ಇಲಾಖೆಯನ್ನು ಕೇಳಿ. ಮರಳಿ ಬರುವಾಗ ಸುಂಕದ ಪ್ರಶ್ನೆ ಏಳದಂತೆ, ಹೊರಡುವಾಗಲೇ ಕಸ್ಟಮ್ಸ್‌ನವರಿಂದ ರಫ್ತು ಪ್ರಮಾಣಪತ್ರ ಮಾಡಿಸಿಕೊಳ್ಳಿ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಮರ ಮತ್ತು ಸೋರೆಬುರುಡೆಯನ್ನು ಆಗಮನದ ಘೋಷಣೆಯಲ್ಲಿ ತಪ್ಪದೆ ನಮೂದಿಸಿ. ಬುರುಡೆಯೊಳಗೆ ಒಣ ತಿರುಳು, ಬೀಜ ಉಳಿದಿರಬಾರದು.

ತಲುಪಿದ ಮೇಲೆ

ಪೆಟ್ಟಿಗೆ ಕೈಗೆ ಬಂದ ಕೂಡಲೇ ಹೊರಗಿನಿಂದ ಸುತ್ತಲೂ ನೋಡಿ. ತಗ್ಗು, ಬಿರುಕು ಕಂಡರೆ ಮಾತ್ರ ಅಲ್ಲೇ ತೆರೆದು, ಫೋಟೊ ತೆಗೆದು, ಹೊರಬೀಳುವ ಮುನ್ನ ಏರ್‌ಲೈನಿನ ಕೌಂಟರಿನಲ್ಲಿ ಪಿಐಆರ್ (ಲಗೇಜಿನ ಹಾನಿಯ ವರದಿ) ಬರೆಸಿ. ಅಂತಾರಾಷ್ಟ್ರೀಯ ಪ್ರಯಾಣದಲ್ಲಿ ಹಾನಿಯ ದೂರನ್ನು ಲಿಖಿತವಾಗಿ 7 ದಿನಗಳೊಳಗೆ ಕೊಡದಿದ್ದರೆ ಮಾಂಟ್ರಿಯಲ್ ಒಪ್ಪಂದದಂತೆ ಹಕ್ಕು ಹೋಗುತ್ತದೆ. ಪರಿಹಾರದ ಮಿತಿ 2024ರ ಡಿಸೆಂಬರ್ ಕೊನೆಯಿಂದ 1,519 ಎಸ್‌ಡಿಆರ್ (ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಏಕಮಾನ), ಅಂದರೆ 2,000 ಡಾಲರಿಗಿಂತ ತುಸು ಹೆಚ್ಚು. ವೀಣೆಯ ಬೆಲೆ ಅದಕ್ಕಿಂತ ಜಾಸ್ತಿಯಿದ್ದರೆ ಬೇರೆ ವಿಮೆ ಮಾಡಿಸಿ.

ಪೆಟ್ಟಿಗೆ ಸರಿಯಿದ್ದರೆ ಮನೆ ಸೇರಿದ ಮೇಲೂ ಒಂದು ರಾತ್ರಿ ಮುಚ್ಚಿಯೇ ಇಡಿ. ಹಿಮದೂರಿನಲ್ಲಿ ತಣ್ಣಗಾದ ಮರಕ್ಕೆ ಬೆಚ್ಚಗಿನ ಗಾಳಿ ತಟ್ಟನೆ ಸೋಕಿದರೆ ಬೆವರುತ್ತದೆ, ಪಾಲಿಶ್ ಬಿರಿಯುತ್ತದೆ. ಮರುದಿನ ಕುದುರೆಯನ್ನು ಬರೆದಿಟ್ಟ ಅಳತೆಗೆ ಹೊಂದಿಸಿ, ಶ್ರುತಿಯನ್ನು ಎರಡು ದಿನಗಳಲ್ಲಿ ಸ್ವಲ್ಪಸ್ವಲ್ಪವೇ ಏರಿಸಿ. ಹೀಟರ್ ಹಾಕಿದ ಮನೆಯಲ್ಲಿ ಬಿರಡೆಗಳು ಒಣಗಿ ಜಾರುತ್ತವೆ; ಕೋಣೆಯ ತೇವಾಂಶ ಶೇ. 40–50ರಷ್ಟಿರಲಿ. ಒಂದು ಮೆಟ್ಟಿಲು ವಾಲಿದ್ದರೆ ಅಂಟು ಹಾಕಬೇಡಿ, ಮುಂದೆ ಮೇಳ ಕಟ್ಟುವವರಿಗೆ ಅದನ್ನು ಬಿಡಿಸುವುದೇ ದೊಡ್ಡ ಕೆಲಸವಾಗುತ್ತದೆ. ಬಿಸಿ ಮಾಡಿದ ಚಮಚದ ಬೆನ್ನನ್ನು ಮೆಟ್ಟಿಲ ಮೇಲೆ ಕೆಲವು ಕ್ಷಣ ಹಿಡಿದರೆ ಅಡಿಯ ಮೇಣ ಮೆದುವಾಗುತ್ತದೆ. ಟ್ಯೂನರ್ ನೋಡುತ್ತಾ ಸರಿಸಿ, ಪೂರ್ತಿ ತಣಿಯುವವರೆಗೆ ಆ ಮೆಟ್ಟಿಲ ಮೇಲೆ ತಂತಿಯನ್ನು ಒತ್ತಬೇಡಿ.