ಹಳೇ ಕಾರು ಹೀಟ್ ಆಗ್ತಿದೆಯಾ? ಮೊದಲು ‘ಯಾವಾಗ’ ಅಂತ ನೋಡಿ

ಟೆಂಪರೇಚರ್ ಮುಳ್ಳು ಮೇಲೇರಿದ ಕೂಡಲೇ ಹೊಸ ರೇಡಿಯೇಟರ್ ಹಾಕಿಸಲು ಹೊರಡಬೇಡಿ. ಗಾಡಿ ಸಿಗ್ನಲ್‌ನಲ್ಲಿ ನಿಂತಾಗ ಹೀಟ್ ಆಗುತ್ತಾ, ಶಿರಾಡಿ ಘಾಟಿ ಹತ್ತುವಾಗಲಾ, ಇಲ್ಲಾ ಮನೆ ಬಿಟ್ಟ ಐದೇ ನಿಮಿಷಕ್ಕಾ? ಇದನ್ನು ಗಮನಿಸಿದರೆ ಅರ್ಧ ಕೆಲಸ ಮುಗಿದಂತೆ.

ದಾರಿಯಲ್ಲೇ ಮುಳ್ಳು ಕೆಂಪು ಗೆರೆ ಮುಟ್ಟಿದರೆ ಎಸಿ ಆಫ್ ಮಾಡಿ, ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ. ಬಿಸಿ ಇರುವಾಗ ರೇಡಿಯೇಟರ್ ಕ್ಯಾಪ್ ಮುಟ್ಟಲೇಬೇಡಿ. ಒಳಗೆ ಒತ್ತಡ ಇರುವುದರಿಂದ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ಕ್ಯಾಪ್ ತೆಗೆದ ಮರುಕ್ಷಣ ಕುದಿದು ಮುಖಕ್ಕೇ ಚಿಮ್ಮುತ್ತದೆ. ಕಾದ ಎಂಜಿನ್‌ಗೆ ತಣ್ಣೀರು ಸುರಿಯುವುದೂ ಬೇಡ, ಹೆಡ್ (ಎಂಜಿನ್‌ನ ಮೇಲ್ಭಾಗ) ಬಿರುಕು ಬಿಡಬಹುದು. ಕನಿಷ್ಠ ಅರ್ಧ ಗಂಟೆ ಕಾಯಿರಿ.

ಪೂರ್ತಿ ತಣ್ಣಗಾದ ಮೇಲೆ ಕ್ಯಾಪ್ ತೆಗೆದು ನೋಡಿ. ನೀರು ಕುತ್ತಿಗೆಯವರೆಗೆ ಇರಬೇಕು. ರಿಸರ್ವ್ ಡಬ್ಬಿ ತುಂಬಿದೆ ಎಂದು ಸುಮ್ಮನಾಗಬೇಡಿ. ಕ್ಯಾಪಿನ ರಬ್ಬರ್ ಹಾಳಾಗಿದ್ದರೆ ಡಬ್ಬಿ ತುಂಬಿದ್ದೂ ರೇಡಿಯೇಟರ್ ಖಾಲಿ ಇರಬಹುದು. ನೀರು ಕಡಿಮೆಯಿದ್ದರೆ ಎಲ್ಲಿ ಸೋರುತ್ತಿದೆ ಹುಡುಕಿ. ಹೋಸ್‌ಗಳ ಕ್ಲಿಪ್ ಸುತ್ತ ಒಣಗಿದ ಕೂಲೆಂಟ್ (ರೇಡಿಯೇಟರ್ ನೀರಿಗೆ ಬೆರೆಸುವ ಬಣ್ಣದ ದ್ರವ) ಕಲೆ, ವಾಟರ್ ಪಂಪ್ ಕೆಳಗೆ ತೇವ, ಕಾರಿನೊಳಗೆ ಕಾಲಿನ ಕಾರ್ಪೆಟ್ ಒದ್ದೆ, ಮೂರನ್ನೂ ನೋಡಿ.

ಟ್ರಾಫಿಕ್‌ನಲ್ಲಿ ಮಾತ್ರ ಹೀಟ್ ಆಗಿ, ಹೈವೇಯಲ್ಲಿ ಮುಳ್ಳು ತಾನಾಗಿ ಇಳಿದರೆ ಅನುಮಾನ ಫ್ಯಾನ್ ಮೇಲೆ. ಅಂಬಾಸಿಡರ್‌ನಂಥ ಗಾಡಿಯಲ್ಲಿ ಫ್ಯಾನ್ ಬೆಲ್ಟ್‌ನಿಂದ ತಿರುಗುತ್ತದೆ, ಬೆಲ್ಟ್ ಬಿಗಿ ನೋಡಿದರೆ ಸಾಕು. ಮಾರುತಿ 800ರಂಥದ್ದರಲ್ಲಿ ಕರೆಂಟ್ ಫ್ಯಾನ್. ಗಾಡಿ ನಿಲ್ಲಿಸಿ ಎಂಜಿನ್ ಓಡಲು ಬಿಡಿ. ಮುಳ್ಳು ಅರ್ಧ ದಾಟಿ ಮೇಲೇರಿದರೂ ಫ್ಯಾನ್ ತಿರುಗದಿದ್ದರೆ ಮೊದಲು ಫ್ಯೂಸ್, ಆಮೇಲೆ ಫ್ಯಾನ್‌ಗೆ ಕರೆಂಟ್ ಹಾಯಿಸುವ ರಿಲೇ, ಆಮೇಲೆ ನೀರು ಬಿಸಿಯಾದಾಗ ಫ್ಯಾನ್ ಆನ್ ಮಾಡುವ ರೇಡಿಯೇಟರ್ ಸ್ವಿಚ್ ನೋಡಿ. ಫ್ಯಾನ್‌ಗೆ ಬ್ಯಾಟರಿಯಿಂದ ನೇರ ವೈರ್ ಕೊಟ್ಟಾಗ ತಿರುಗಿದರೆ ಮೋಟರ್ ಸರಿಯಿದೆ, ಸುಮ್ನೆ ದುಡ್ಡು ಕಳೆಯಬೇಡಿ. ಬೆರಳು ಮಾತ್ರ ದೂರ ಇರಲಿ.

ಊರಲ್ಲಿ ಸರಿ, ಘಾಟಿಯಲ್ಲಿ ಹೀಟ್ ಅಂದರೆ ಹೆಚ್ಚಾಗಿ ರೇಡಿಯೇಟರ್ ಕಟ್ಟಿಕೊಂಡಿದೆ. ಹೊರಗೆ ಕೆಸರು, ಹುಳ ಅಂಟಿದ್ದರೆ ಹಿಂದಿನಿಂದ ಮುಂದಕ್ಕೆ ಪೈಪಿನಲ್ಲಿ ಮೆಲ್ಲಗೆ ನೀರು ಬಿಡಿ. ಒಳಗೆ ಕಟ್ಟಿದ್ದರೆ ತಪ್ಪು ಹೆಚ್ಚಾಗಿ ನಮ್ಮ ಬೋರ್‌ವೆಲ್ ನೀರಿನದು. ಸೋಲಾರ್ ಪೈಪಿನಲ್ಲಿ ಕಟ್ಟುವ ಅದೇ ಬಿಳಿ ಸುಣ್ಣ ಇಲ್ಲೂ ಕಟ್ಟುತ್ತದೆ. ಕೂಲೆಂಟ್‌ಗೆ ಬೆರೆಸಲು ಡಿಸ್ಟಿಲ್ಡ್ ನೀರೇ ಬೇಕು.

ಐದೇ ನಿಮಿಷಕ್ಕೆ ಕಾದರೆ, ಮೇಲಿನ ಹೋಸ್ ಸುಡುತ್ತಿದ್ದು ಕೆಳಗಿನದು ತಣ್ಣಗಿದ್ದರೆ, ಹೆಚ್ಚಾಗಿ ಥರ್ಮೋಸ್ಟಾಟ್ ವಾಲ್ವ್ (ಎಂಜಿನ್ ಬಿಸಿಯಾದ ಮೇಲೆ ತೆರೆದು ನೀರನ್ನು ರೇಡಿಯೇಟರ್‌ಗೆ ಹರಿಸುವ ಬಾಗಿಲು) ಮುಚ್ಚಿಯೇ ಕೂತಿದೆ. ಅದನ್ನು ಬಿಚ್ಚಿ, ದಾರ ಕಟ್ಟಿ, ನೀರಿನ ಪಾತ್ರೆಯೊಳಗೆ ತೂಗುಬಿಟ್ಟು ಒಲೆ ಹಚ್ಚಿ. ತೆರೆಯುವ ಡಿಗ್ರಿ ಅದರ ಮೇಲೇ ಕೊರೆದಿರುತ್ತದೆ, ಸಾಮಾನ್ಯವಾಗಿ 80ರಿಂದ 90. ನೀರು ಕುದಿದರೂ ಬಾಯಿ ಬಿಡದಿದ್ದರೆ ಹೊಸದು ಹಾಕಿ. ‘ವಾಲ್ವ್ ತೆಗೆದುಬಿಡಿ ಸಾರ್, ನಮ್ಮ ಬಿಸಿಲಿಗೆ ಯಾಕೆ’ ಅನ್ನುವ ಗ್ಯಾರೇಜುಗಳು ಬೇಕಾದಷ್ಟಿವೆ. ಒಪ್ಪಬೇಡಿ. ಎಂಜಿನ್ ಸರಿಯಾಗಿ ಬಿಸಿಯೇರದೆ ಮೈಲೇಜ್ ಇಳಿಯುತ್ತದೆ, ಸವೆತವೂ ಜಾಸ್ತಿ.

ಕೊನೆಯ ಅನುಮಾನ ಹೆಡ್ ಗ್ಯಾಸ್ಕೆಟ್, ಅಂದರೆ ಹೆಡ್‌ಗೂ ಅದರ ಕೆಳಗಿನ ಎಂಜಿನ್ ಬ್ಲಾಕ್‌ಗೂ ನಡುವಿನ ಸೀಲ್. ತಣ್ಣಗಿರುವಾಗಲೇ ಕ್ಯಾಪ್ ತೆಗೆದಿಟ್ಟು ಸ್ಟಾರ್ಟ್ ಮಾಡಿ. ಮೊದಲ ಒಂದೆರಡು ನಿಮಿಷ ಬರುವ ಗುಳ್ಳೆ ಒಳಗೆ ಸಿಕ್ಕಿಕೊಂಡ ಗಾಳಿ ಇರಬಹುದು. ನಿಲ್ಲದೆ ಬರುತ್ತಲೇ ಇದ್ದರೆ, ಸೈಲೆನ್ಸರ್‌ನಿಂದ ಸಿಹಿ ವಾಸನೆಯ ಬಿಳಿ ಹೊಗೆ ಬಂದರೆ, ಆಯಿಲ್ ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಗಾಡಿ ಓಡಿಸಲೇಬೇಡಿ, ಟೋ ಮಾಡಿಸಿ. ಗ್ಯಾಸ್ಕೆಟ್ ಬದಲಿಸುವಾಗ ಹೆಡ್ ಬಾಗಿದೆಯೇ ಎಂದು ಮಟ್ಟ ನೋಡಿಸಿ. ಬಾಗಿದ ಹೆಡ್ ಮೇಲೆ ಹೊಸ ಗ್ಯಾಸ್ಕೆಟ್ ಹೆಚ್ಚು ದಿನ ಬಾಳುವುದಿಲ್ಲ.