ಕನ್ನಡ ಅಕ್ಷರ ಕತ್ತರಿಸುತ್ತ ಕಲಿತ ಸ್ಕ್ರಾಲ್ ಸಾ

ಕನ್ನಡದ ಅಕ್ಷರಗಳಲ್ಲಿ ನೇರ ಗೆರೆ ಹುಡುಕಿದರೂ ಸಿಗುವುದು ಕಡಿಮೆ. ಮನೆಯ ಹೆಸರನ್ನು ಮರದಲ್ಲಿ ಕತ್ತರಿಸಿ ಬಾಗಿಲಿಗೆ ಹಾಕಬೇಕೆಂದು ಹೊರಟಾಗ ಸಾಮಾನ್ಯ ಕೈಗರಗಸವೂ ಜಿಗ್ ಸಾ ಕೂಡ ಉಪಯೋಗಕ್ಕೆ ಬರಲಿಲ್ಲ. ಸೊನ್ನೆಯ ಒಳಗೆ, ಕೊಂಬಿನ ತಿರುವಿನಲ್ಲಿ ಸುತ್ತಿ ಬರಬೇಕಾದರೆ ದಾರದಂಥ ಸಣ್ಣ ಬ್ಲೇಡ್ ಬೇಕು. ಅಂಥ ಬ್ಲೇಡನ್ನು ಮೇಲೆ ಕೆಳಗೆ ಆಡಿಸುವ ಯಂತ್ರವೇ ಸ್ಕ್ರಾಲ್ ಸಾ. ಹಾಗೆ ಈ ಹವ್ಯಾಸ ನನಗೆ ಅಂಟಿಕೊಂಡಿತು.

ಮೊದಲು ಕೊಂಡದ್ದು ಯಂತ್ರವಲ್ಲ, ಕೈಯಲ್ಲಿ ಆಡಿಸುವ ಫ್ರೆಟ್ ಸಾ. ಉದ್ದನೆಯ ಬಾಗಿದ ಚೌಕಟ್ಟು, ಅದರ ಬಾಯಿಗೆ ಬಿಗಿದ 130 ಮಿಲಿಮೀಟರ್ ಬ್ಲೇಡ್, ಮೇಜಿನ ಅಂಚಿಗೆ ಕ್ಲ್ಯಾಂಪ್ ಮಾಡಿದ ಕವಲು ಹಲಗೆ, ಇಷ್ಟೇ ಸಾಮಾನು. ಮೈಸೂರಿನ ಬೀಟೆ ಮರದ ಇನ್‌ಲೇ (ಮರದೊಳಗೆ ಬೇರೆ ಚೂರು ಕೂರಿಸುವ ಕಲೆ) ಕುಶಲಕರ್ಮಿಗಳು ಆನೆ, ಹೂಬಳ್ಳಿಗಳ ಚೂರುಗಳನ್ನು ಇಂಥದ್ದೇ ಸಣ್ಣ ಗರಗಸದಲ್ಲಿ ಕತ್ತರಿಸುತ್ತ ಬಂದವರು. ಹೊಸಬರು ಯಂತ್ರಕ್ಕೆ ಹಣ ಹಾಕುವ ಮುನ್ನ ಇದನ್ನು ಹಿಡಿದು ನೋಡಲಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಬ್ಲೇಡ್ ಮರವನ್ನು ಹೇಗೆ ಕಚ್ಚುತ್ತದೆ, ಎಲ್ಲಿ ಎಳೆಯ ಜಾಡು ಹಿಡಿದು ಜಾರುತ್ತದೆ ಎಂಬುದು ಕೈಗೆ ನೇರವಾಗಿ ತಿಳಿಯುತ್ತದೆ.

ಆಮೇಲೆ ಬಂದದ್ದು 16 ಇಂಚಿನ ಸ್ಕ್ರಾಲ್ ಸಾ. ಬ್ಲೇಡಿನಿಂದ ಹಿಂದಿನ ಕಂಬದವರೆಗಿನ ಅಂತರ ಅಷ್ಟು ಎಂದರ್ಥ. ಕೊಳ್ಳುವಾಗ ನಾನು ಎರಡು ಸಂಗತಿಗಳಲ್ಲಿ ರಾಜಿ ಮಾಡಿಕೊಳ್ಳಲಿಲ್ಲ: ವೇಗವನ್ನು ಹೆಚ್ಚು ಕಡಿಮೆ ಮಾಡುವ ಗುಂಡಿ ಇರಬೇಕು, ತುದಿಗಳಲ್ಲಿ ಅಡ್ಡ ಕಡ್ಡಿ, ಅಂದರೆ ಪಿನ್, ಇಲ್ಲದ ಬ್ಲೇಡನ್ನು ಅದು ಹಿಡಿಯಬೇಕು. ಪಿನ್ ಇರುವ ಬ್ಲೇಡ್ ಹಾಕುವುದು ಸುಲಭ, ಆದರೆ ಆ ಪಿನ್ ತೂರುವಷ್ಟು ದೊಡ್ಡ ರಂಧ್ರ ಕೊರೆದರೆ ಪುಟ್ಟ ಅಕ್ಷರದ ಒಡಲೇ ಹೋಗುತ್ತದೆ. ಪಿನ್ ಇಲ್ಲದ್ದಕ್ಕೆ 2 ಮಿಲಿಮೀಟರ್ ರಂಧ್ರ ಸಾಕು.

ಈ ಕೆಲಸದ ಜೀವ ಇರುವುದು ಯಂತ್ರದಲ್ಲಲ್ಲ, ಬ್ಲೇಡಿನಲ್ಲಿ. ಹಲ್ಲುಗಳು ಕೆಳಮುಖವಾಗಿರಬೇಕು. ಬಿಗಿದ ಮೇಲೆ ಬೆರಳಿನಿಂದ ಮೀಟಿದರೆ ಸ್ಪಷ್ಟವಾದ ಎತ್ತರದ ಸ್ವರ ಬರಬೇಕು. ಮಂಕು ಸದ್ದು ಬಂದರೆ ಸಡಿಲವಾಗಿದೆ, ತಿರುವಿನಲ್ಲಿ ಹೊಟ್ಟೆ ಉಬ್ಬಿಸುತ್ತದೆ. 12 ಮಿಲಿಮೀಟರ್ ದಪ್ಪದ ಗಟ್ಟಿ ಮರಕ್ಕೆ ನಾನು 5ನೇ ನಂಬರ್ ಬ್ಲೇಡ್ ಹಾಕುತ್ತೇನೆ, ತೆಳು ಪ್ಲೈವುಡ್‌ಗೆ ಅದಕ್ಕಿಂತ ಸಣ್ಣದಾದ 2ನೇ ನಂಬರ್. ಕೆಳಗಿನ ಕೆಲವು ಹಲ್ಲುಗಳು ಮೇಲ್ಮುಖವಾಗಿರುವ ರಿವರ್ಸ್ ಬ್ಲೇಡ್ ಹಾಕಿದರೆ ಪ್ಲೈವುಡ್‌ನ ತಳದಲ್ಲಿ ಸಿಬಿರು ಏಳುವುದು ಬಹುತೇಕ ನಿಲ್ಲುತ್ತದೆ. ಮೊಂಡಾದ ಬ್ಲೇಡನ್ನು ಉಳಿಸಲು ಹೋಗಬಾರದು. ಮರವನ್ನು ಒತ್ತಿ ತಳ್ಳಬೇಕೆನಿಸಿದ ಗಳಿಗೆಯಲ್ಲೇ ಅದರ ಆಯುಸ್ಸು ಮುಗಿದಿದೆ.

ಹೊಸಬರನ್ನು ಕಂಗೆಡಿಸುವ ಇನ್ನೊಂದು ವಿಷಯವಿದೆ. ಮರವನ್ನು ನೇರವಾಗಿ ತಳ್ಳಿದರೂ ಕೊಯ್ತ ಒಂದು ಪಕ್ಕಕ್ಕೆ ವಾಲುತ್ತದೆ. ದೋಷ ಕೈಯದಲ್ಲ. ಉಕ್ಕಿನ ಪಟ್ಟಿಯಲ್ಲಿ ಹಲ್ಲು ಮಾಡುವಾಗ ಒಂದು ಮಗ್ಗುಲಲ್ಲಿ ಸಣ್ಣ ಮುಳ್ಳಂಚು ಉಳಿಯುತ್ತದೆ, ಆ ಮಗ್ಗುಲು ಹೆಚ್ಚು ಕೊಯ್ಯುತ್ತದೆ. ಮರವನ್ನು ಕೆಲವು ಡಿಗ್ರಿ ಓರೆಯಾಗಿ ಹಿಡಿದು ನೂಕಿದರೆ ಗೆರೆಯ ಮೇಲೇ ಸಾಗುತ್ತದೆ. ಸ್ವಲ್ಪ ಕಾಲದಲ್ಲಿ ಕೈ ತಾನಾಗಿ ಆ ಓರೆಗೆ ಒಗ್ಗುತ್ತದೆ.

ಇನ್ನು ಅಕ್ಷರಗಳ ಮಾತು. ದೇವನಾಗರಿಯಲ್ಲಿ ತಲೆಯ ಮೇಲಿನ ಗೆರೆ ಇಡೀ ಪದವನ್ನು ಹಿಡಿದುಕೊಳ್ಳುತ್ತದೆ. ನಮ್ಮ ತಲೆಕಟ್ಟು ಆಯಾ ಅಕ್ಷರಕ್ಕೆ ಮಾತ್ರ. ಒತ್ತಕ್ಷರ ಕೆಳಗೆ ಬೇರೆಯಾಗಿ ನಿಲ್ಲುತ್ತದೆ. ಹಾಗಾಗಿ ಕಂಪ್ಯೂಟರಿನ ಅಕ್ಷರವನ್ನು ಹಾಗೇ ಮುದ್ರಿಸಿ ಕತ್ತರಿಸಿದರೆ ಪದ ಬಿಡಿ ಬಿಡಿಯಾಗಿ ಮೇಜಿನ ಮೇಲೆ ಉದುರುತ್ತದೆ. ನಾನು ಅಕ್ಷರಗಳನ್ನು ದಪ್ಪವಾಗಿ ಬರೆದುಕೊಂಡು, ಒತ್ತಕ್ಷರವನ್ನು ಮೇಲಿನ ಅಕ್ಷರದ ಹೊಟ್ಟೆಗೆ ತುಸು ತಾಗಿಸಿ, ಪಕ್ಕದ ಅಕ್ಷರಗಳ ಅಂಚುಗಳನ್ನು ಒಂದರೊಳಗೊಂದು ಸೇರಿಸುತ್ತೇನೆ. ‘ಠ’ ಬಂದರೆ ನಡುವಿನ ಚುಕ್ಕೆಗೆ ಒಂದು ಸಣ್ಣ ಸೇತುವೆ ಬೇಕೇ ಬೇಕು. ‘ಧ’ಕಾರದ ಕೆಳಗಿನ ಸೀಳು ಮಾತ್ರ ಈ ಗರಗಸಕ್ಕೆ ಹೇಳಿ ಮಾಡಿಸಿದ್ದು: ಒಳಗೆ ಹೋಗಿ, ಅದೇ ದಾರಿಯಲ್ಲಿ ಹಿಂದೆ ಬಂದರೆ ಆಯಿತು.

ಬರೆದ ಕಾಗದವನ್ನು ಮರಕ್ಕೆ ಅಂಟಿಸಿ ಅದರ ಮೇಲೆ ಪಾರದರ್ಶಕ ಪ್ಯಾಕಿಂಗ್ ಟೇಪ್ ಹಾಕುತ್ತೇನೆ. ಗಟ್ಟಿ ಮರದ ಅಂಚು ಸುಟ್ಟು ಕಪ್ಪಾಗುವುದು ಇದರಿಂದ ಕಡಿಮೆಯಾಗುತ್ತದೆ. ಕತ್ತರಿಸುವುದು ಯಾವಾಗಲೂ ಒಳಗಿನಿಂದ ಹೊರಕ್ಕೆ. ರಂಧ್ರ ಕೊರೆದು ಬ್ಲೇಡ್ ತೂರಿಸಿ ಸೊನ್ನೆ, ಕೊಂಡಿಗಳ ಒಳಭಾಗ ತೆಗೆದ ಮೇಲೆ ಕೊನೆಗೆ ಹೊರಗೆರೆ. ಮೊದಲೇ ಹೊರಗೆರೆ ತೆಗೆದರೆ ಬೆರಳಿಗೆ ಹಿಡಿಯಲು ಏನೂ ಉಳಿಯುವುದಿಲ್ಲ, ತೆಳುವಾದ ಕೊಂಡಿ ಅದುರಿ ಮುರಿಯುತ್ತದೆ.

ಮರಕ್ಕೆ ನಾನು ಹೆಚ್ಚು ಖರ್ಚು ಮಾಡುವುದಿಲ್ಲ. ಪ್ಯಾಕಿಂಗ್ ಪೆಟ್ಟಿಗೆಯ ಪೈನ್, ಕಾಫಿ ಸೀಮೆಯಿಂದ ಬರುವ ಸಿಲ್ವರ್ ಓಕ್, ಬಡಗಿಯ ಅಂಗಡಿಯಲ್ಲಿ ಉಳಿದ ತೇಗದ ತುಂಡು ಸಾಕು. ಇಷ್ಟವಾದದ್ದು ಹಲಸು, ಆ ಹಳದಿಗೆ ಬಣ್ಣ ಬಳಿಯುವ ಅಗತ್ಯವೇ ಇಲ್ಲ. ದೂಳಿನ ವಿಷಯದಲ್ಲಿ ಮಾತ್ರ ಸಸಾರ ಸಲ್ಲದು. ಹೊಟ್ಟಿಗಿಂತ ಕಣ್ಣಿಗೆ ಕಾಣದ ಪುಡಿಯೇ ಶ್ವಾಸಕೋಶಕ್ಕೆ ಕೆಟ್ಟದ್ದು, ಬೀಟೆಯ ದೂಳು ಕೆಲವರಿಗೆ ಚರ್ಮದ ತುರಿಕೆಯನ್ನೂ ತರುತ್ತದೆ. ಎನ್95 ಮಾಸ್ಕ್, ಕನ್ನಡಕ ಇಲ್ಲದೆ ನಾನು ಗುಂಡಿ ಒತ್ತುವುದಿಲ್ಲ.

ಈಗ ಹಲಸಿನ ಅಕ್ಷರವನ್ನು ತೇಗದ ಹಲಗೆಯೊಳಗೆ ಕೂರಿಸುವ ಕೆಲಸ ಹಿಡಿದಿದ್ದೇನೆ. ಎರಡೂ ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿ, ಯಂತ್ರದ ಮೇಜನ್ನು ಕೆಲವು ಡಿಗ್ರಿ ವಾಲಿಸಿ, ಒಟ್ಟಿಗೆ ಕತ್ತರಿಸಬೇಕು. ಆಗ ಮೇಲಿನ ತುಂಡು ಕೆಳಗಿನ ಕುಳಿಗೆ ಸಂದಿಲ್ಲದೆ ಬಿರಡೆಯಾಗಿ ಕೂರುತ್ತದೆ. ವಾಲಿಕೆ ಎಷ್ಟಿರಬೇಕೆಂಬುದು ಬ್ಲೇಡಿನ ದಪ್ಪವನ್ನೂ ಹಲಗೆಯ ದಪ್ಪವನ್ನೂ ಅವಲಂಬಿಸಿದೆ, ಆದ್ದರಿಂದ ಮೊದಲು ಅದೇ ದಪ್ಪದ ಚೂರುಗಳಲ್ಲಿ ಒಂದು ಸೊನ್ನೆ ಕತ್ತರಿಸಿ ನೋಡುತ್ತೇನೆ. ಸೊನ್ನೆ ಸಡಿಲವಾಗಿ ಕೆಳಗೆ ಜಾರಿದರೆ ವಾಲಿಕೆ ಹೆಚ್ಚಿಸಬೇಕು, ಮೇಲೆಯೇ ಸಿಕ್ಕಿಕೊಂಡರೆ ತಗ್ಗಿಸಬೇಕು.