ಕೈಗಾ ರಿಯಾಕ್ಟರ್ ಮಾದರಿ: ನೀಲಿ ನೀರಿಗೆ ಕೆಂಪು ಸೋರದಂತೆ ಮಾಡುವುದು ಹೇಗೆ?

ವಿಜ್ಞಾನ ವಸ್ತುಪ್ರದರ್ಶನಗಳಲ್ಲಿ ತೀರ್ಪುಗಾರನಾಗಿ ಕೂತಾಗಲೆಲ್ಲ ಅಣುಸ್ಥಾವರದ ಮಾದರಿ ಒಂದಾದರೂ ಕಣ್ಣಿಗೆ ಬೀಳುತ್ತದೆ. ಸೊಂಟ ಸಣ್ಣಗಾದ ಥರ್ಮಾಕೋಲ್ ಗೋಪುರ, ತುದಿಯಲ್ಲಿ ಹತ್ತಿಯ ಹೊಗೆ, ಕೆಳಗೆ ‘ಕೈಗಾ’ ಎಂಬ ಚೀಟಿ. ಕೈಗಾದಲ್ಲಿ ಅಂಥ ದೈತ್ಯ ಗೋಪುರವೇ ಇಲ್ಲ. ಅಲ್ಲಿರುವುದು ಕಾಂಕ್ರೀಟಿನ ಗುಮ್ಮಟಗಳು. ತಂಪಿಗೆ ಕಾಳಿ ನದಿಯ ಕದ್ರಾ ಜಲಾಶಯದ ನೀರು. ಮಕ್ಕಳು ಶ್ರಮಪಟ್ಟು ತಪ್ಪನ್ನೇ ಕಲಿತು ಹೋಗುವುದನ್ನು ನೋಡಿ ಸಂಕಟವಾಗುತ್ತದೆ. ಡಬ್ಬಿಯಲ್ಲಿ ನೀಲಿ ನೀರು, ಅದರೊಳಗಿನ ಕೊಳವೆಗಳಲ್ಲಿ ಕೆಂಪು ನೀರು ಇರುವ ಸರಿಯಾದ ಮಾದರಿ ಮಾಡುವುದು ಹೀಗೆ.

ಮೊದಲು ಎರಡು ಲೀಟರಿನ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಅಡ್ಡ ಮಲಗಿಸಿ. ಇದು ಕ್ಯಾಲಾಂಡ್ರಿಯಾ, ರಿಯಾಕ್ಟರಿನ ಹೃದಯ. ಪ್ರದರ್ಶನದ ಹೊತ್ತಿಗೆ ಅಂಗಡಿಗೆ ಬರುವ ರೆಡಿಮೇಡ್ ಕಿಟ್ ಬೇಡವೇ ಬೇಡ. ನಾನು ನೋಡಿದವುಗಳಲ್ಲೆಲ್ಲ ಇಂಧನದ ಕೋಲುಗಳು ನೆಟ್ಟಗೆ ನಿಂತಿರುತ್ತವೆ; ಕೈಗಾದಲ್ಲಿ ಅವು ಮಲಗಿರುತ್ತವೆ.

ಎರಡನೆಯದು ಕೊಳವೆ ಜೋಡಿಸುವುದು. ಹೆಚ್ಚಿನವರು ಎಡವುವುದು ಇಲ್ಲೇ. ಅಕ್ವೇರಿಯಂ ಅಂಗಡಿಯ ಗಟ್ಟಿ ಪಾರದರ್ಶಕ ಕೊಳವೆ ಏಳು ತುಂಡು ಬೇಕು. ಡಬ್ಬಿಯ ತಳದಷ್ಟೇ ಅಗಲದ ಕಾಗದದ ಬಿಲ್ಲೆಯಲ್ಲಿ ನಡುವೆ ಒಂದು, ಸುತ್ತ ಆರು ಚುಕ್ಕಿ ಇಡಿ. ಅದೇ ಬಿಲ್ಲೆಯಿಂದ ತಳಕ್ಕೂ ಮುಚ್ಚಳಕ್ಕೂ ಗುರುತು ಹಾಕಿ. ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿದ ಮೇಲೆಯೇ ಗುರುತು ಹಾಕಬೇಕು. ಇಲ್ಲದಿದ್ದರೆ ಮುಚ್ಚಳದ ತೂತು ಪಕ್ಕಕ್ಕೆ ಜಾರಿ ಕೊಳವೆಗಳೆಲ್ಲ ಓರೆಯಾಗುತ್ತವೆ. ಕಾಯಿಸಿದ ಮೊಳೆಯಿಂದ ದೊಡ್ಡವರು ತೂತು ಮಾಡಿಕೊಡಲಿ. ತೂತು ಕೊಳವೆಗಿಂತ ಕೂದಲೆಳೆಯಷ್ಟು ಚಿಕ್ಕದಿರಲಿ, ತಿರುಗಿಸುತ್ತಾ ನುಗ್ಗಿಸಿ. ಸುತ್ತ ಎಂ-ಸೀಲ್ ಮೆತ್ತಿ, ಒದ್ದೆ ಬೆರಳಿನಿಂದ ಸವರಿ, ಒಂದು ರಾತ್ರಿ ಒಣಗಲು ಬಿಡಿ. ಮರಕ್ಕೆ ಹಚ್ಚುವ ಬಿಳಿ ಅಂಟು ನೀರಿನಲ್ಲಿ ನಿಲ್ಲುವುದಿಲ್ಲ. ಅದನ್ನು ಹಚ್ಚಿದ್ದ ನಮ್ಮ ಮೊದಲ ಮಾದರಿಯ ನೀರು ಬೆಳಗಾಗುವಷ್ಟರಲ್ಲಿ ಪೂರಾ ನೇರಳೆಯಾಗಿತ್ತು. ಮಾಡಿದ ಹುಡುಗಿಯರು ಅತ್ತೇಬಿಟ್ಟರು.

ಬಣ್ಣ ಬೆರೆತರೆ ಮಾದರಿಯ ಅರ್ಥವೇ ಹೋಯಿತು. ಡಬ್ಬಿಗೆ ನೀಲಿ ನೀರು ಹಾಕಿ: ಇದು ಮಂದಕ (ನ್ಯೂಟ್ರಾನ್‌ಗಳ ವೇಗ ತಗ್ಗಿಸುವ ದ್ರವ), ಕುದಿಯದಷ್ಟು ತಣ್ಣಗಿರುವ ಭಾರಜಲ, ಅಂದರೆ ಭಾರದ ಹೈಡ್ರೋಜನ್ ಇರುವ ನೀರು. ಕೊಳವೆಗಳಿಗೆ ಕೆಂಪು ನೀರು: ಇದೂ ಭಾರಜಲವೇ, ಆದರೆ ಭಾರೀ ಒತ್ತಡದಲ್ಲಿ ಸುಮಾರು 290 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿಯೇರುತ್ತದೆ. ಕೈಗಾದ ಇಂಧನ ನಿಸರ್ಗದ ಯುರೇನಿಯಂ. ಅದರಲ್ಲಿ ಸುಲಭವಾಗಿ ಒಡೆಯುವ ಯುರೇನಿಯಂ-235 ಇರುವುದು ಶೇ 0.7ರಷ್ಟೇ. ಅದನ್ನು ಒಡೆಯುತ್ತಾ ಹೋಗಲು ನ್ಯೂಟ್ರಾನ್‌ಗಳ ವೇಗ ತಗ್ಗಬೇಕು, ಆದರೆ ಅವು ಕಳೆದುಹೋಗಬಾರದು. ಸಾದಾ ನೀರು ವೇಗ ತಗ್ಗಿಸುತ್ತದೆ ನಿಜ, ಜೊತೆಗೆ ನ್ಯೂಟ್ರಾನ್‌ಗಳನ್ನೂ ನುಂಗುತ್ತದೆ. ಭಾರಜಲ ನುಂಗುವುದು ತೀರಾ ಕಡಿಮೆ. ನೀಲಿಯದು ವೇಗ ತಗ್ಗಿಸುವ ಕೆಲಸ, ಕೆಂಪಿನದು ಬಿಸಿ ಹೊರುವ ಕೆಲಸ. ತೀರ್ಪುಗಾರರು ಕೇಳುವ ಮೊದಲ ಪ್ರಶ್ನೆಯೇ ಇದು.

ಆರು ಕೊಳವೆಗಳಿಗೆ ಕೆಂಪು ನೀರು ತುಂಬಿ ಎರಡೂ ತುದಿ ಮುಚ್ಚಿ. ನಡುವಿನ ಕೊಳವೆಗೆ ಮೆತ್ತನೆ ಪೈಪ್ ಸಿಕ್ಕಿಸಿ, ಸಾದಾ ನೀರಿರುವ ಬಾಟಲಿಯೊಳಗೆ ಸುರುಳಿಯಾಗಿ ಹಾಯಿಸಿ ಇನ್ನೊಂದು ತುದಿಗೆ ವಾಪಸ್ ತನ್ನಿ. ಆ ಬಾಟಲಿಯೇ ಉಗಿ ಉತ್ಪಾದಕ. ಟರ್ಬೈನ್ ತಿರುಗಿಸುವ ಉಗಿ ಈ ಸಾದಾ ನೀರಿನದು.

ಇಂಧನಕ್ಕೆ ಖಾಲಿ ರೀಫಿಲ್ ಸಾಕು. ನಡುವೆ 1, ಸುತ್ತ 6, ಅದರ ಸುತ್ತ 12: ಒಟ್ಟು 19 ಕಡ್ಡಿಗಳ ಕಂತೆ ಕಟ್ಟಿ ನೋಡುಗರ ಕೈಗೇ ಕೊಡಿ. ಕೈಗಾದ ನಿಜವಾದ ಕಂತೆ ಸುಮಾರು ಅರ್ಧ ಮೀಟರ್ ಉದ್ದ. ಅಂಥವು ಕೊಳವೆಗೆ 12ರಂತೆ 306 ಕೊಳವೆಗಳಲ್ಲಿ 3,672 ಇರುತ್ತವೆ. ರಿಯಾಕ್ಟರ್ ಓಡುತ್ತಿರುವಾಗಲೇ ಹಳೆಯದನ್ನು ತಳ್ಳಿ ಹೊಸದನ್ನು ಸೇರಿಸುತ್ತಾರೆ. ಒಂದನೇ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ನಿಲ್ಲದೆ ಓಡಿದ್ದಕ್ಕೆ ಇದೂ ಒಂದು ಕಾರಣ.

ಸೈಕಲ್ ಡೈನಮೋಗೆ ರಟ್ಟಿನ ಟರ್ಬೈನ್ ಕಟ್ಟಿ ಕೈಯಲ್ಲೇ ತಿರುಗಿಸಿ ಬಲ್ಬ್ ಉರಿಸಿ. ಕುಕ್ಕರಿನ ಉಗಿ ಖಂಡಿತ ಬೇಡ, ಕೈ ಸುಡುತ್ತದೆ.

ಡಬ್ಬಿಯ ಮೇಲ್ಭಾಗದಲ್ಲಿ ಎರಡು ಸಣ್ಣ ತೂತು ಮಾಡಿ, ಸೈಕಲ್ ಕಡ್ಡಿಗಳನ್ನು ದಾರದಲ್ಲಿ ತೂಗುಹಾಕಿ. ದಾರ ಬಿಟ್ಟರೆ ಅವು ಕೊಳವೆಗಳ ಸಂದಿಗೆ ಇಳಿಯಬೇಕು. ನಿಜವಾದ ಸ್ಥಾವರದಲ್ಲಿ ನ್ಯೂಟ್ರಾನ್ ನುಂಗುವ ಕ್ಯಾಡ್ಮಿಯಂ ಸರಳುಗಳು ಹೀಗೇ ತಮ್ಮ ಭಾರಕ್ಕೇ ಬಿದ್ದು ರಿಯಾಕ್ಟರನ್ನು ನಿಲ್ಲಿಸುತ್ತವೆ.

ಚೀಟಿಯಲ್ಲಿ ಬರೆಯಿರಿ: ನಾಲ್ಕು ಘಟಕ, ತಲಾ 220 ಮೆಗಾವಾಟ್, ಒಟ್ಟು 880. ದೇಶದ ವಿದ್ಯುತ್ತಿನಲ್ಲಿ ಅಣುಶಕ್ತಿಯ ಪಾಲು ಶೇ 3ರ ಆಸುಪಾಸು ಎಂಬುದನ್ನೂ ಮುಚ್ಚಿಡದೆ ಬರೆಯಿರಿ. ಮಳೆ, ಗಾಳಿ, ಬಿಸಿಲಿಗೆ ಕಾಯದೆ ರಾತ್ರಿಯೂ ಬರುವ ಕರೆಂಟು ಅದು.

ಬಸ್ಸಿನಲ್ಲಿ ಒಯ್ಯುವಾಗ ನೀಲಿ ನೀರು ಬೇರೆ ಬಾಟಲಿಯಲ್ಲಿರಲಿ. ಮೇಜಿನ ಮೇಲಿಟ್ಟ ಮೇಲೆ ಸೈಕಲ್ ಕಡ್ಡಿಯ ತೂತಿಗಿಂತ ಎರಡು ಬೆರಳು ಕೆಳಗಿನವರೆಗೆ ತುಂಬಿ.